ಸಂಗ್ಶಾಕದ ಗುಡ್ಡ, ಬೆಳಗಾವಿಯ ಪಡೆ

ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ವಾಚಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಓಲೆಯೊಂದನ್ನು ಬರೆದಿದ್ದಾರೆ. ಅವರ ಮಗನು ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಎರಡನೆಯ ಮಹಾಯುದ್ಧದ ದಿಕ್ಕನ್ನು ತಿರುಗಿಸಿದ ಘಟನೆಗಳಾವುವು ಎಂಬ ಪ್ರಶ್ನೆಗೆ ಅವನು ಸ್ಟಾಲಿನ್‌ಗ್ರಾಡ್, ಎಲ್ ಅಲಮೀನ್, ಮಿಡ್‌ವೇ, ನಾರ್ಮಂಡಿ ಎಂದು ನಾಲ್ಕು ಹೆಸರುಗಳನ್ನು ಗಿಳಿಪಾಠದಂತೆ ಒಪ್ಪಿಸಿದನಂತೆ. ಅವರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಆರು ಮೊನೆಗಳ ಕಂಚಿನ ನಕ್ಷತ್ರವೊಂದಿದೆ. ಬೆಳಗಾವಿಗೆ ಹೋಗಿ ದಂಡಿಗೆ ಸೇರಿ, ಬರ್ಮಾ ಗಡಿಯಲ್ಲಿ ಕಾದಿ, ಜೀವಸಹಿತ ಮರಳಿ ಬಂದ ಮುತ್ತಜ್ಜನಿಗೆ ದೊರೆತ ಪದಕವದು. “ನಮ್ಮ ಮುತ್ಯಾನ ಲಡಾಯಿ ಈ ನಾಲ್ಕರಾಗ ಯಾವುದು?” ಎಂದು ಹುಡುಗನು ಕೇಳಿದಾಗ ತಂದೆಗೆ ಉತ್ತರ ತೋಚಲಿಲ್ಲ. ಓಲೆಯ ಕೊನೆಯಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದಾರೆ. ಸುತ್ತಣ ಹಳ್ಳಿಗಳವರು ‘ಚಲೇ ಜಾವ್’ ಎಂದು ಸೆರೆಮನೆಗೆ ನಡೆದ ಕಾಲದಲ್ಲಿ ಬ್ರಿಟಿಷರ ದಂಡಿನಲ್ಲಿ ದುಡಿದ ಹಿರಿಯನ ಪದಕವನ್ನು ಗೋಡೆಗೆ ತೂಗುಹಾಕಬೇಕೆ, ಪೆಟ್ಟಿಗೆಯಲ್ಲಿಯೇ ಇಡಬೇಕೆ ಎಂಬುದು ಅವರ ಸಂಶಯ.

ಮೊದಲನೆಯದು ಇತಿಹಾಸದ ಪ್ರಶ್ನೆ, ಎರಡನೆಯದು ಮನೆತನದ್ದು. ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಮೊದಲು ಹುಡುಗನ ಪಟ್ಟಿಯನ್ನೇ ಕೈಗೆತ್ತಿಕೊಳ್ಳೋಣ.

ಪಟ್ಟಿಯು ತಪ್ಪೆಂದು ಯಾರೂ ಹೇಳಲಾರರು. ೧೯೪೨ನೆಯ ಇಸವಿಯ ಜೂನ್ ೪ರಂದು ಶಾಂತಸಾಗರದ ಮಿಡ್‌ವೇ ದ್ವೀಪದ ಬಳಿ ಅಮೆರಿಕೆಯ ವಿಮಾನಗಳು ಜಪಾನೀಯರ ಮೂರು ವಿಮಾನವಾಹಕ ಹಡಗುಗಳಿಗೆ ಕೆಲವೇ ನಿಮಿಷಗಳಲ್ಲಿ ಬೆಂಕಿಯಿಟ್ಟವು. ಸಂಜೆಯೊಳಗೆ ನಾಲ್ಕನೆಯದೂ ಉರಿಯತೊಡಗಿತು. ಶತ್ರುವಿನ ಗುಪ್ತಲಿಪಿಯನ್ನು ಅಮೆರಿಕನ್ನರು ಮೊದಲೇ ಬಿಡಿಸಿಕೊಂಡಿದ್ದರು. ಜಪಾನೀ ಹಡಗುಗಳ ಒಡಲಲ್ಲಿ ಪೆಟ್ರೋಲು ತುಂಬಿದ ವಿಮಾನಗಳೂ ಬಾಂಬುಗಳೂ ಕಿಕ್ಕಿರಿದಿದ್ದವು. ಅದೇ ವರ್ಷದ ಅಕ್ಟೋಬರ್ ೨೩ರಿಂದ ನವೆಂಬರ್ ೪ರವರೆಗೆ ಈಜಿಪ್ತದ ಮರಳಿನಲ್ಲಿ ನಡೆದ ಎಲ್ ಅಲಮೀನ್ ಸಮರದಲ್ಲಿ ಮಾಂಟ್‌ಗೊಮೆರಿಯ ಸೇನೆಯು ಜರ್ಮನಿಯ ರೊಮ್ಮೆಲನನ್ನು ಹಿಮ್ಮೆಟ್ಟಿಸಿತು. ರೊಮ್ಮೆಲನಿಗೆ ಪೆಟ್ರೋಲು ತರುತ್ತಿದ್ದ ಹಡಗುಗಳು ದಾರಿಯಲ್ಲಿಯೇ ಸಮುದ್ರದ ಪಾಲಾಗುತ್ತಿದ್ದುವೆಂಬುದನ್ನು ಮರೆಯಬಾರದು. ಸ್ಟಾಲಿನ್‌ಗ್ರಾಡಿನಲ್ಲಿ ನವೆಂಬರ್ ೧೯ರಂದು ರಷ್ಯನರು ಸುತ್ತುಗಟ್ಟಲು ಆರಂಭಿಸಿ, ಕೆಲವೇ ದಿನಗಳಲ್ಲಿ ಜರ್ಮನರ ಆರನೆಯ ಸೇನೆಯನ್ನು ಬಲೆಯೊಳಗೆ ಹಾಕಿದರು. ಒಳಗೆ ಸಿಕ್ಕವರಿಗೆ ಆಕಾಶಮಾರ್ಗವಾಗಿ ಅನ್ನ, ಮದ್ದುಗುಂಡುಗಳನ್ನು ಮುಟ್ಟಿಸುವೆವೆಂದು ಜರ್ಮನ್ ವಾಯುದಳವು ಮಾತು ಕೊಟ್ಟಿತ್ತು. ದಿನಕ್ಕೆ ೩೦೦ ಟನ್ನಾದರೂ ಬೇಕಾಗಿದ್ದಲ್ಲಿ ಸರಾಸರಿ ಅದರ ಅರ್ಧವೂ ಮುಟ್ಟಲಿಲ್ಲ. ೧೯೪೩ರ ಫೆಬ್ರವರಿ ೨ರಂದು ಕೊನೆಯವರೂ ಶರಣಾದಾಗ ಸೆರೆಸಿಕ್ಕವರು ಸುಮಾರು ೯೧,೦೦೦ ಮಂದಿ. ಅವರಲ್ಲಿ ತಾಯ್ನಾಡಿಗೆ ಮರಳಿದವರು ಐದಾರು ಸಾವಿರ ಮಾತ್ರ.

ಈ ಮೂರರಲ್ಲಿಯೂ ಎದ್ದು ಕಾಣುವ ಅಂಶ ಒಂದುಂಟು. ಸೇನಾಧಿಪತಿಗಳ ಭಾವಚಿತ್ರಗಳನ್ನು ನೋಡಿದರೆ ಯುದ್ಧವು ಅವರ ಬುದ್ಧಿಚಾತುರ್ಯದಿಂದಲೇ ತಿರುಗಿತೆಂದು ತೋರುತ್ತದೆ. ಲೆಕ್ಕಪತ್ರಗಳನ್ನು ನೋಡಿದರೆ ಹಾಗಲ್ಲ. ಒಂದು ಪಕ್ಷದ ಉಗ್ರಾಣವು ಎಲ್ಲಿ ಬರಿದಾಯಿತೋ, ಎಲ್ಲಿ ಹಿಟ್ಟು, ನೀರು, ಎಣ್ಣೆಗಳು ಮುಗಿದುವೋ, ಅಥವಾ ಎಲ್ಲಿ ಒಂದು ವಾರದ ಹೊತ್ತು ಕೈಜಾರಿತೋ ಅಲ್ಲಿ ಯುದ್ಧವು ತಿರುಗಿದೆ. ಮನೆಯನ್ನು ನಡೆಸುವ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತಿಹಾಸವನ್ನು ಬರೆಯುವ ಪಂಡಿತರಿಗೆ ಮಾತ್ರ ಆಗಾಗ ನೆನಪು ಮಾಡಿಕೊಡಬೇಕಾಗುತ್ತದೆ.

ಈ ಅಳತೆಗೋಲನ್ನೇ ಹಿಡಿದು ನೋಡಿದರೆ, ಹುಡುಗನ ಪಟ್ಟಿಯಲ್ಲಿ ಐದನೆಯ ಹೆಸರೊಂದು ಬಿಟ್ಟುಹೋಗಿದೆ. ಅದು ರಷ್ಯದಲ್ಲಿಲ್ಲ, ಈಜಿಪ್ತದಲ್ಲಿಲ್ಲ, ನಮ್ಮದೇ ದೇಶದ ಮೂಡಣ ತುದಿಯಲ್ಲಿ, ಮಣಿಪುರ ಮತ್ತು ನಾಗಾ ಬೆಟ್ಟಗಳಲ್ಲಿ ಇದೆ. ೧೯೪೪ರ ಮಾರ್ಚಿನಿಂದ ಜುಲೈವರೆಗೆ ನಡೆದ ಇಂಫಾಲ ಮತ್ತು ಕೊಹಿಮಾ ಸಮರ ಅದು. ಸಾಲಹಳ್ಳಿಯ ಮುತ್ತಜ್ಜನ ಲಡಾಯಿ ಅದೇ.

ಅಲ್ಲಿಗೆ ಹೋಗುವ ಮುನ್ನ ಎರಡು ವರ್ಷ ಹಿಂದಕ್ಕೆ ಹೋಗಬೇಕು. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಎರಗಿದ ಜಪಾನೀಯರು ಅದೇ ವೇಳೆಗೆ ಮಲಯಾದಲ್ಲಿ ಇಳಿದರು. ೧೯೪೨ರ ಫೆಬ್ರವರಿ ೧೫ರಂದು ಸಿಂಗಾಪುರ ಬಿದ್ದಿತು. ಎಂಬತ್ತು ಸಾವಿರಕ್ಕೂ ಮಿಕ್ಕಿ ಸೈನಿಕರು ಅಂದು ಶಸ್ತ್ರವಿಳಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಭಾರತೀಯರು. ಮಾರ್ಚ್ ೮ರಂದು ರಂಗೂನು ಹೋಯಿತು. ಏಪ್ರಿಲ್ ೬ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನೀ ಬಾಂಬುಗಳು ಬಿದ್ದವು. ರಂಗೂನಿನಿಂದ ನಡೆದೇ ಹೊರಟ ಲಕ್ಷಾಂತರ ಭಾರತೀಯರಲ್ಲಿ ಅನೇಕರು ಕಾಡುದಾರಿಯಲ್ಲಿ ಹಸಿವು, ವಾಂತಿಭೇದಿಗಳಿಂದ ಸಾಲುಸಾಲಾಗಿ ಸತ್ತರು.

ಬರ್ಮಾ ಹೋದದ್ದು ನಕ್ಷೆಯ ಮೇಲೆ ಬಣ್ಣ ಬದಲಾದಷ್ಟಕ್ಕೆ ನಿಲ್ಲಲಿಲ್ಲ. ಪ್ರತಿವರ್ಷವೂ ನಮ್ಮ ದೇಶಕ್ಕೆ ಬರುತ್ತಿದ್ದ ಲಕ್ಷಗಟ್ಟಲೆ ಟನ್ ಬರ್ಮಾ ಅಕ್ಕಿಯೂ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ ಬಂದು ಸುಮಾರು ಮೂವತ್ತು ಲಕ್ಷ ಜನರು ಸತ್ತರೆಂದು ಇಂದಿನ ಅಂದಾಜು. ಸರಕಾರದ ಆಯೋಗವೇ ಹದಿನೈದು ಲಕ್ಷವೆಂದು ಒಪ್ಪಿಕೊಂಡಿತ್ತು. ಅಕ್ಕಿ ನಿಂತದ್ದು ಅದರ ಕಾರಣಗಳಲ್ಲೊಂದು, ಸರಕಾರದ ನಿರ್ಲಕ್ಷ್ಯವು ಇನ್ನೊಂದು. ಎರಡನೆಯದೇ ದೊಡ್ಡದೆಂದು ನಮ್ಮ ಎಣಿಕೆ. ನಮ್ಮ ಕಡೆಯೂ ೧೯೪೨–೪೩ರಲ್ಲಿ ಬಿಜಾಪುರ ಸೀಮೆಗೆ ಬರ ಬಿದ್ದಿತ್ತು. ಸೀಮೆಎಣ್ಣೆ, ಸಕ್ಕರೆ, ಬಟ್ಟೆ, ಜೋಳ ಎಲ್ಲಕ್ಕೂ ‘ಕಂಟ್ರೋಲ್’ ಬಂದಿತು. ಆ ಇಂಗ್ಲಿಷ್ ಮಾತು ನಮ್ಮ ಹಳ್ಳಿಗಳ ಅಜ್ಜಿಯರ ಬಾಯಲ್ಲಿ ಅಚ್ಚಗನ್ನಡದಷ್ಟು ಸಲೀಸಾಗಿ ಉಳಿದುಬಂದದ್ದು ಆ ವರ್ಷಗಳಿಂದಲೇ.

ಇಂಥ ಬರಗಾಲದಲ್ಲಿ ದಂಡಿಗೆ ಸೇರುವ ಹುಡುಗರು ಸಿಗುವುದು ಕಷ್ಟವಲ್ಲ. ಬೆಳಗಾವಿಯ ಕಂಟೋನ್ಮೆಂಟಿನಲ್ಲಿ ೧೯೨೨ರ ಪುನರ್ರಚನೆಯ ಬಳಿಕ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿದೆ. ದಳದ ಮೂಲವು ೧೭೬೮ರಷ್ಟು ಹಿಂದಿನದು. ಅದರಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರಾದರೂ ಕರ್ನಾಟಕದ ಗಡಿಜಿಲ್ಲೆಗಳವರೂ ಕೊಡಗಿನವರೂ ಉಂಟು. ಊಟ, ಉಡುಪು, ತಿಂಗಳು ತಿಂಗಳು ಮನೆಗೆ ಮನಿಆರ್ಡರು: ಮಲಪ್ರಭೆಯ ದಂಡೆಯ ಒಣಬೇಸಾಯದ ಮನೆಯ ಎರಡನೆಯ ಮಗನಿಗೆ ಇದು ಸಣ್ಣ ಆಕರ್ಷಣೆಯಲ್ಲ. ಇಡೀ ದೇಶದಿಂದ ಹೀಗೆ ಸೇರಿದವರು ಯುದ್ಧ ಮುಗಿಯುವ ವೇಳೆಗೆ ೨೫ ಲಕ್ಷ ಮಂದಿ. ಕಡ್ಡಾಯದ ಕಾಯಿದೆಯಿಲ್ಲದೆ ಕೂಡಿಬಂದ ಸೈನ್ಯಗಳಲ್ಲಿ ಇಷ್ಟು ದೊಡ್ಡದು ಅದುವರೆಗೆ ಬೇರೊಂದಿರಲಿಲ್ಲ.

ಬೆಳಗಾವಿಯ ದಳವು ಯುದ್ಧದ ಏಳುಬೀಳುಗಳೆರಡನ್ನೂ ಕಂಡಿತು. ೧೯೪೧ರ ಮಾರ್ಚಿನಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ಅದರ ಮೂರನೆಯ ಪಡೆಯು ಹೆಸರು ಗಳಿಸಿತು. ೧೯೪೨ರ ಜೂನ್ ೨೧ರಂದು ಟೊಬ್ರೂಕ್ ಬಿದ್ದಾಗ ಎರಡನೆಯ ಪಡೆಯು ರೊಮ್ಮೆಲನ ಸೆರೆಯಾಳಾಯಿತು. ಇಟಲಿಯಲ್ಲಿ ಅದರ ಇಬ್ಬರು ಸಿಪಾಯಿಗಳಿಗೆ, ೧೯೪೪ರಲ್ಲಿ ಯಶವಂತ ಘಾಡ್ಗೆಗೆ ಮರಣೋತ್ತರವಾಗಿ, ೧೯೪೫ರಲ್ಲಿ ನಾಮದೇವ ಜಾಧವರಿಗೆ, ವಿಕ್ಟೋರಿಯಾ ಕ್ರಾಸ್ ದೊರೆಯಿತು. ಇವೆಲ್ಲವೂ ಗ್ರಂಥಗಳಲ್ಲಿವೆ. ನಾವು ಹೇಳಬೇಕೆಂದಿರುವುದು ನಾಲ್ಕನೆಯ ಪಡೆಯ ಕಥೆ. ಅದನ್ನು ಬಲ್ಲವರು ಕಡಿಮೆ.

೧೯೪೪ರ ಮಾರ್ಚಿನಲ್ಲಿ ಜಪಾನಿನ ಹದಿನೈದನೆಯ ಸೇನೆಯ ಅಧಿಪತಿ ಮುತಾಗುಚಿಯು ಭಾರತದೊಳಕ್ಕೆ ನುಗ್ಗಲು ಮೂರು ಡಿವಿಜನ್‌ಗಳನ್ನು ಹೊರಡಿಸಿದನು. ಸೇನೆಯ ಬಲ ಒಟ್ಟು ೮೫ ಸಾವಿರದಷ್ಟು. ಇಂಫಾಲದ ಬಯಲನ್ನು ಹಿಡಿಯುವುದು, ಕೊಹಿಮಾದಲ್ಲಿ ಹೆದ್ದಾರಿಯನ್ನು ಕತ್ತರಿಸುವುದು ಅವನ ಹಂಚಿಕೆ. ಕೊಹಿಮಾದಾಚೆ ದಿಮಾಪುರ, ಅಲ್ಲಿ ಇಡೀ ಮೂಡಣ ರಂಗದ ಉಗ್ರಾಣವೂ ರೈಲುದಾರಿಯೂ ಇದ್ದವು. ಸೈನಿಕರ ಬೆನ್ನಿಗೆ ಮೂರು ವಾರಗಳಿಗಾಗುವಷ್ಟು ಅಕ್ಕಿಯನ್ನು ಮಾತ್ರ ಕಟ್ಟಲಾಗಿತ್ತು. ಅಷ್ಟರೊಳಗೆ ಇಂಫಾಲದ ಉಗ್ರಾಣಗಳು ಕೈಸೇರುವುವೆಂದು ಅವನ ನೆಚ್ಚಿಕೆ. ಜೊತೆಗೆ ಸಾವಿರಾರು ದನಕುರಿಗಳನ್ನು ಹೊಡೆದುಕೊಂಡು ನಡೆದರು. ಮೊದಲು ಸಾಮಾನು ಹೊರಲಿ, ಆಮೇಲೆ ಆಹಾರವಾಗಲಿ ಎಂದು. ಚಿಂದ್ವಿನ್ ನದಿಯನ್ನು ದಾಟುವಾಗಲೇ ಎಷ್ಟೋ ದನಗಳು ಕೊಚ್ಚಿಹೋದವು. ಉಳಿದವು ಕಡಿದಾದ ಬೆಟ್ಟದ ದಾರಿಯಲ್ಲಿ ಸತ್ತವು. ಎತ್ತಿನ ಸ್ವಭಾವವನ್ನು ಬಲ್ಲ ನಮ್ಮ ಸೀಮೆಯ ಯಾವ ಒಕ್ಕಲಿಗನನ್ನು ಕೇಳಿದ್ದರೂ ಆ ಹಂಚಿಕೆ ನಡೆಯದೆಂದು ಹೇಳಿಬಿಡುತ್ತಿದ್ದನು.

ಇತ್ತ ಬ್ರಿಟಿಷರ ಎಣಿಕೆಯೂ ತಪ್ಪಿತ್ತು. ಹದಿನಾಲ್ಕನೆಯ ಸೇನೆಯ ಅಧಿಪತಿ ಸ್ಲಿಮ್, ಕೊಹಿಮಾದ ಕಡೆಗೆ ಶತ್ರುವು ಹೆಚ್ಚೆಂದರೆ ಒಂದು ರೆಜಿಮೆಂಟನ್ನು ಕಳಿಸಬಹುದೆಂದು ಭಾವಿಸಿದ್ದನು. ಒಂದು ಡಿವಿಜನ್ನೇ ಅತ್ತ ಬರುತ್ತಿತ್ತು. ಈ ತಪ್ಪನ್ನು ಸ್ಲಿಮ್ ಮುಂದೆ ತನ್ನ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಸೇನಾಧಿಪತಿಗಳಲ್ಲಿ ಇದು ಅಪರೂಪದ ಗುಣ. ಗಡಿಯ ಉಖ್ರುಲ್ ಪ್ರದೇಶದಲ್ಲಿ ಆಗ ಇದ್ದುದು ಐವತ್ತನೆಯ ಭಾರತೀಯ ಪ್ಯಾರಾಶೂಟ್ ಬ್ರಿಗೇಡ್. ಅದು ಇನ್ನೂ ಯುದ್ಧವನ್ನು ಕಾಣದಿದ್ದ ಹೊಸ ತುಕಡಿ. ಕಾಡಿನ ಅಭ್ಯಾಸಕ್ಕೆಂದು ಬಂದಿತ್ತು. ಅದರ ಜೊತೆ, ಮೊದಲೇ ಆ ಬೆಟ್ಟಗಳನ್ನು ಕಾಯುತ್ತಿದ್ದ ಬೆಳಗಾವಿ ದಳದ ನಾಲ್ಕನೆಯ ಪಡೆ ಇತ್ತು.

ಮಾರ್ಚ್ ೧೯ರಂದು ಜಪಾನೀಯರು ಮುಂಚೂಣಿಯ ಒಂದು ಗುಡ್ಡದ ಮೇಲೆ ಏರಿಬಂದರು. ಅಲ್ಲಿದ್ದ ಭಾರತೀಯ ಪ್ಯಾರಾಶೂಟ್ ಪಡೆಯ ಒಂದು ಕಂಪನಿಯು ಮರುದಿನದವರೆಗೆ ಕಾದಿ ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಯಿತು. ಬ್ರಿಗೇಡಿಯರ್ ಹೋಪ್ ಥಾಮ್ಸನ್ ಉಳಿದವರನ್ನೆಲ್ಲ ಸಂಗ್ಶಾಕ್ ಎಂಬ ತಾಂಗ್‌ಖುಲ್ ನಾಗಾ ಹಳ್ಳಿಯ ಗುಡ್ಡಕ್ಕೆ ಹಿಂದೆಗೆಸಿದನು. ಭಾರತೀಯ ಮತ್ತು ಗೂರ್ಖಾ ಪ್ಯಾರಾಶೂಟ್ ಪಡೆಗಳು, ಮರಾಠಾ ಪಡೆ, ನೇಪಾಳದ ಕಾಳೀಬಹಾದೂರ್ ದಳದವರು ಕೆಲವರು, ಬೆಟ್ಟದ ಫಿರಂಗಿಗಳ ಒಂದು ತುಕಡಿ, ಹೀಗೆ ಎರಡು ಸಾವಿರದಷ್ಟು ಮಂದಿ ಅರ್ಧ ಮೈಲಿಯೂ ಉದ್ದವಿಲ್ಲದ ಆ ದಿಬ್ಬದ ಮೇಲೆ ಸೇರಿದರು.

ಕಂದಕ ತೋಡಲು ಹೋದರೆ ಮೂರಡಿಯ ಕೆಳಗೆ ಗಟ್ಟಿಬಂಡೆ. ಮುಳ್ಳುತಂತಿಯ ಒಂದು ಸುರುಳಿಯೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗುಡ್ಡದ ಮೇಲೆ ನೀರಿನ ಸೆಲೆಯಿರಲಿಲ್ಲ. ವಿಮಾನಗಳು ನೀರು, ಆಹಾರ, ಗುಂಡುಗಳನ್ನು ಕೊಡೆಗಳಿಗೆ ಕಟ್ಟಿ ಇಳಿಬಿಟ್ಟರೆ, ಜಾಗ ಅಷ್ಟು ಕಿರಿದಾದುದರಿಂದ ಬಹುಪಾಲು ಶತ್ರುವಿನ ಕೈಸೇರಿತು. ೨೨ರಿಂದ ಹಗಲೂ ರಾತ್ರಿಯೂ ಏರುದಾಳಿಗಳು ನಡೆದವು. ಗುಡ್ಡದ ಬಡಗಣ ತುದಿಯಲ್ಲಿದ್ದ ಕ್ರೈಸ್ತ ಪಾದ್ರಿಗಳ ಸಣ್ಣ ಪ್ರಾರ್ಥನಾಮಂದಿರವು ಕೈಯಿಂದ ಕೈಗೆ ಹೋಗಿಬಂದಿತು. ಸತ್ತವರನ್ನು ಹೂಳಲು ಮಣ್ಣಿರಲಿಲ್ಲ. ಹೇಸರಗತ್ತೆಗಳು ಸತ್ತುಬಿದ್ದು ಊದಿಕೊಂಡವು. ನಿದ್ದೆಯಿಲ್ಲದ ಐದನೆಯ ದಿನ, ಶತ್ರುವು ಏರಿಬರುವ ನಡುನಡುವೆ ಸೈನಿಕರು ನಿಂತಲ್ಲಿಯೇ ತೂಕಡಿಸಿ ಬೀಳುತ್ತಿದ್ದರೆಂದು ಬದುಕಿ ಬಂದವರು ಹೇಳಿದ್ದಾರೆ.

ಈ ನಡುವೆ ನಡೆದ ಒಂದು ಸಂಗತಿಯು ಕಾದಂಬರಿಕಾರನ ಕಲ್ಪನೆಯಂತೆ ತೋರಬಹುದು. ಗುಡ್ಡದ ಬುಡದಲ್ಲಿ ಸತ್ತುಬಿದ್ದ ಜಪಾನೀ ಅಧಿಕಾರಿಯೊಬ್ಬನ ಚೀಲದಲ್ಲಿ ಒಂದು ನಕ್ಷೆ ಸಿಕ್ಕಿತು. ಎರಡು ಡಿವಿಜನ್‌ಗಳು ಯಾವ ದಾರಿಯಲ್ಲಿ, ಎತ್ತ ನಡೆಯುತ್ತಿವೆಯೆಂಬುದು ಅದರಲ್ಲಿ ಗುರುತಾಗಿತ್ತು. ಕೊಹಿಮಾದ ಮೇಲೆ ಇಡೀ ಡಿವಿಜನ್ ಬರುತ್ತಿರುವುದು ಬ್ರಿಟಿಷರಿಗೆ ಸಾಕ್ಷ್ಯಸಹಿತ ತಿಳಿದದ್ದು ಅದರಿಂದ. ಅದರ ಪ್ರತಿಯನ್ನೆತ್ತಿಕೊಂಡು ಅಧಿಕಾರಿಯೊಬ್ಬನು ಶತ್ರುವಿನ ಸಾಲುಗಳನ್ನು ಕತ್ತಲಲ್ಲಿ ದಾಟಿ ಇಂಫಾಲಕ್ಕೆ ಹೋಗಿ ಮುಟ್ಟಿಸಿದ್ದಲ್ಲದೆ, ಮುತ್ತಿಗೆಯೊಳಗಿನ ತನ್ನವರ ಬಳಿಗೆ ಮರಳಿಯೂ ಬಂದನು.

ಮಾರ್ಚ್ ೨೬ರ ರಾತ್ರಿ ಹಿಂದೆಗೆಯಲು ಅಪ್ಪಣೆ ಬಂದಿತು. ನಡೆಯಬಲ್ಲ ಗಾಯಾಳುಗಳಿಗೆ ಹೆಗಲು ಕೊಟ್ಟು, ಗುಂಪುಗುಂಪಾಗಿ, ಸದ್ದಿಲ್ಲದೆ ಕಾಡಿನೊಳಕ್ಕಿಳಿದರು. ಎತ್ತಲಾಗದ ಗಾಯಾಳುಗಳನ್ನು ಅಲ್ಲಿಯೇ ಬಿಡಬೇಕಾಯಿತು. ಈ ಒಂದು ವಾಕ್ಯವನ್ನು ಬರೆಯುವುದು ಸುಲಭ; ಬಿಟ್ಟುಬಂದವರು ಅದನ್ನು ಜೀವಮಾನವೆಲ್ಲ ಹೊತ್ತಿರಬೇಕು. ಒಟ್ಟು ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು ಆರು ನೂರು.

ಸೋತು ಬಂದವರೆಂದು ಮೊದಲಿಗೆ ಅವರನ್ನು ಯಾರೂ ಆದರಿಸಲಿಲ್ಲ. ಬ್ರಿಗೇಡಿಯರನನ್ನು ಊರಿಗೆ ಕಳಿಸಿಬಿಟ್ಟರು. ಲೆಕ್ಕ ಹಾಕಿ ನೋಡಿದಾಗ ಚಿತ್ರವು ಬೇರೆಯಾಯಿತು. ಸಂಗ್ಶಾಕವು ಜಪಾನೀಯರ ಇನ್ನೊಂದು ಡಿವಿಜನ್ನಿನ ಪಾಲಿಗೆ ಬರತಕ್ಕ ಪ್ರದೇಶ. ಕೊಹಿಮಾಕ್ಕೆ ಹೊರಟಿದ್ದ ಮಿಯಾಜಾಕಿಯ ಐವತ್ತೆಂಟನೆಯ ರೆಜಿಮೆಂಟು, ದಾರಿಯ ಮಗ್ಗುಲಲ್ಲಿದ್ದ ಈ ಗುಡ್ಡವನ್ನು ಒಂದೇ ಏಟಿಗೆ ತೆಗೆದುಬಿಡುವೆನೆಂದು ತಿರುಗಿ, ನೂರಾರು ಮಂದಿಯನ್ನೂ ಸರಿಸುಮಾರು ಒಂದು ವಾರವನ್ನೂ ಕಳೆದುಕೊಂಡಿತು. ಮೂರು ವಾರದ ಅಕ್ಕಿಯನ್ನು ಬೆನ್ನಿಗೆ ಕಟ್ಟಿಕೊಂಡವನಿಗೆ ಒಂದು ವಾರವೆಂದರೆ ಮೂರರಲ್ಲೊಂದು ಪಾಲು. ಅದೇ ವಾರದಲ್ಲಿ, ಮಾರ್ಚ್ ೧೯ರಿಂದ ಮೊದಲುಗೊಂಡು, ಅರಕಾನ್ ರಂಗದಲ್ಲಿ ಕಾದುತ್ತಿದ್ದ ಐದನೆಯ ಭಾರತೀಯ ಡಿವಿಜನ್ನನ್ನು ಫಿರಂಗಿ, ಹೇಸರಗತ್ತೆಗಳ ಸಮೇತ ಡಕೋಟಾ ವಿಮಾನಗಳಲ್ಲಿ ಹೊತ್ತು ತಂದು ಇಂಫಾಲ, ದಿಮಾಪುರಗಳಲ್ಲಿ ಇಳಿಸಲಾಗುತ್ತಿತ್ತು. ಏಪ್ರಿಲ್ ೪ರಂದು ಜಪಾನೀಯರು ಕೊಹಿಮಾವನ್ನು ಮುಟ್ಟುವ ವೇಳೆಗೆ ಅಲ್ಲಿ ಎದುರಾಗಲು ಜನರಿದ್ದರು. ಸ್ವಲ್ಪವೇ ಜನ, ಆದರೂ ಇದ್ದರು. ಆಗಸ್ಟ್ ತಿಂಗಳಲ್ಲಿ ಸ್ಲಿಮ್ ವಿಶೇಷ ಆಜ್ಞೆಯೊಂದನ್ನು ಹೊರಡಿಸಿ ಸಂಗ್ಶಾಕದಲ್ಲಿ ಕಾದಿದವರ ಉಪಕಾರವನ್ನು ಸ್ಮರಿಸಿದನು.

ಕೊಹಿಮಾದ ಕಥೆಯನ್ನು ಚುಟುಕಾಗಿ ಮುಗಿಸುವೆವು. ಅದು ಗ್ರಂಥಗಳಲ್ಲಿ ಬೇಕಾದಷ್ಟಿದೆ. ಎರಡು ವಾರಗಳ ಕಾಲ ಸುಮಾರು ಒಂದೂವರೆ ಸಾವಿರ ಮಂದಿ ಕಾಲಾಳುಗಳು ಹತ್ತು ಸಾವಿರಕ್ಕೂ ಮಿಕ್ಕ ಶತ್ರುಗಳನ್ನು ತಡೆದುನಿಂತರು. ಡೆಪ್ಯುಟಿ ಕಮಿಷನರನ ಬಂಗಲೆಯ ಟೆನಿಸ್ ಅಂಗಳದ ಒಂದು ಮಗ್ಗುಲಲ್ಲಿ ಇವರು, ಇನ್ನೊಂದು ಮಗ್ಗುಲಲ್ಲಿ ಅವರು. ನಡುವೆ ಕೈಬಾಂಬು ಎಸೆಯುವಷ್ಟು ದೂರ. ಇಂಫಾಲದ ಬಯಲಿನಲ್ಲಿ ಸುತ್ತುಗಟ್ಟಿಸಿಕೊಂಡಿದ್ದ ಒಂದೂವರೆ ಲಕ್ಷ ಮಂದಿಗೆ ವಿಮಾನಗಳು ಸುಮಾರು ೧೯ ಸಾವಿರ ಟನ್ ಸಾಮಗ್ರಿಯನ್ನು ತಂದಿಳಿಸಿ, ಮರಳುವಾಗ ಗಾಯಾಳುಗಳನ್ನು ಹೊತ್ತೊಯ್ದವು. ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರಿಂದ ಆಗದಿದ್ದುದು ಇಲ್ಲಿ ಆಯಿತು. ನಾಗಾ ಜನರು ದಾರಿ ತೋರಿಸಿ, ಸುದ್ದಿ ತಂದು, ಗಾಯಾಳುಗಳನ್ನು ಹೊತ್ತು ಮಾಡಿದ ನೆರವನ್ನು ಸ್ಲಿಮ್ ಮನಸಾರೆ ಹೊಗಳಿದ್ದಾನೆ. ಸುಟ್ಟುಹೋದುದು ಅವರ ಊರುಗಳು, ಅವರ ಬೆಳೆಗಳು.

ಮೇ ತಿಂಗಳ ಕೊನೆಗೆ ಕೊಹಿಮಾದ ಜಪಾನೀ ಸೇನಾನಿ ಸಾತೋ, ಅಕ್ಕಿಯ ಒಂದು ಕಾಳೂ ಬಂದಿಲ್ಲವೆಂದು ಸಾರಿ, ಮೇಲಿನವರ ಅಪ್ಪಣೆಗೆ ಕಾಯದೆ ಹಿಂದಿರುಗಿದನು. ಜಪಾನೀ ಸೈನ್ಯದಲ್ಲಿ ಡಿವಿಜನ್ನೊಂದರ ಅಧಿಪತಿಯು ಹೀಗೆ ಮಾಡಿದ್ದು ಊಹೆಗೂ ನಿಲುಕದ ಸಂಗತಿ. ಜೂನ್ ೨೨ರಂದು ಕೊಹಿಮಾ ಮತ್ತು ಇಂಫಾಲಗಳ ನಡುವಣ ಹೆದ್ದಾರಿ ತೆರೆಯಿತು. ಜುಲೈ ಮೊದಲ ವಾರದಲ್ಲಿ ಜಪಾನೀಯರು ಕಾರ್ಯಾಚರಣೆಯನ್ನೇ ಕೈಬಿಟ್ಟರು. ಮಳೆ, ಮಲೇರಿಯಾ, ಹಸಿವುಗಳ ನಡುವೆ ಹಿಂದಿರುಗಿದ ದಾರಿಯುದ್ದಕ್ಕೂ ಹೆಣಗಳು ಬಿದ್ದವು. ಸತ್ತವರು ಸುಮಾರು ೩೦ ಸಾವಿರ. ಗುಂಡಿಗಿಂತ ಹಸಿವು, ಬೇನೆಗಳಿಂದಲೇ ಹೆಚ್ಚು. ಜಪಾನಿನ ಸೈನ್ಯವು ನೆಲದ ಮೇಲೆ ಅದುವರೆಗೆ ಕಂಡ ಸೋಲುಗಳಲ್ಲೆಲ್ಲ ಇದೇ ದೊಡ್ಡದು. ಅಲ್ಲಿಂದ ಮುಂದೆ ಮೂಡಣ ರಂಗದಲ್ಲಿ ಅವರು ಹಿಮ್ಮೆಟ್ಟಿದ್ದೇ ಹೊರತು ಮುಂದಕ್ಕೆ ಬಂದದ್ದಿಲ್ಲ. ೧೯೪೫ರ ಮೇ ೩ರಂದು ರಂಗೂನು ಮರಳಿ ದೊರೆಯಿತು.

ಹಾಗಾದರೆ ಈ ಹೆಸರು ಹುಡುಗನ ಪಟ್ಟಿಯಲ್ಲಿ ಏಕಿಲ್ಲ? ಒಂದು ಕಾರಣ ಪಂಚಾಂಗದಲ್ಲಿದೆ. ಹೆದ್ದಾರಿ ಇನ್ನೂ ಮುಚ್ಚಿದ್ದಾಗಲೇ, ಜೂನ್ ೬ರಂದು, ಮಿತ್ರರಾಷ್ಟ್ರಗಳ ಸೈನ್ಯ ನಾರ್ಮಂಡಿಯಲ್ಲಿ ಇಳಿಯಿತು. ಲೋಕದ ಪತ್ರಿಕೆಗಳ ಮೊದಲ ಪುಟವೆಲ್ಲ ಅತ್ತ ತಿರುಗಿತು. ಸ್ಲಿಮ್‌ನ ಸೇನೆಯವರೇ ತಮ್ಮನ್ನು ‘ಮರೆತುಹೋದ ಸೇನೆ’ಯೆಂದು ಕರೆದುಕೊಳ್ಳುತ್ತಿದ್ದರು. ಇನ್ನೊಂದು ಕಾರಣ ನಮ್ಮಲ್ಲಿಯೇ ಇದೆ; ಅದು ವಾಚಕರ ಎರಡನೆಯ ಪ್ರಶ್ನೆ.

ಆ ಕಾಲದ ನಮ್ಮ ಸೀಮೆಯನ್ನು ನೆನೆಯಿರಿ. ೧೯೪೨ರ ಆಗಸ್ಟ್ ಬಳಿಕ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ತಂತಿಗಳು ಕತ್ತರಿಸಲ್ಪಟ್ಟವು, ಚಾವಡಿಯ ದಫ್ತರಗಳು ಉರಿದವು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಪೋಲೀಸರ ಗುಂಡಿಗೆ ಬಲಿಯಾದರು. ಸಂಸ್ಥಾನವಾಗಿದ್ದ ರಾಮದುರ್ಗದಲ್ಲಿ ೧೯೩೯ರ ಏಪ್ರಿಲಿನಲ್ಲಿಯೇ ಪ್ರಜೆಗಳು ಸಿಡಿದೆದ್ದು ರಕ್ತಪಾತವಾಗಿತ್ತು. ಇಂಥ ನೆಲದ ಮಗನು ಅದೇ ಸರಕಾರದ ಕಾಕಿ ತೊಟ್ಟನೆಂದರೆ ಮನೆಯವರಿಗೆ ಹೇಳಿಕೊಳ್ಳಲು ನಾಲಿಗೆ ಏಳದು.

ಅದಕ್ಕಿಂತಲೂ ಕಠಿಣವಾದ ಮಾತುಂಟು. ಜಪಾನೀಯರ ಜೊತೆಯಲ್ಲಿ ಇಂಫಾಲದ ಕಡೆಗೆ ನಡೆದುಬಂದವರಲ್ಲಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಆರು ಸಾವಿರದಷ್ಟು ಯೋಧರಿದ್ದರು. ೧೯೪೪ರ ಏಪ್ರಿಲ್ ೧೪ರ ದಿನ ಕರ್ನಲ್ ಶೌಕತ್ ಅಲಿ ಮಲಿಕರು ಮೊಯಿರಾಂಗಿನಲ್ಲಿ ತ್ರಿವರ್ಣಧ್ವಜವನ್ನೇರಿಸಿದರು. ಅವರೂ ಹಸಿದರು, ಅವರೂ ಅದೇ ದಾರಿಯಲ್ಲಿ ಬಿದ್ದು ಸತ್ತರು. ಒಂದೇ ಗುಡ್ಡದ ಎರಡು ಮಗ್ಗುಲುಗಳಲ್ಲಿ ಒಂದೇ ದೇಶದ ಮಕ್ಕಳು. ಕೊಡಗಿನ ಒಂದು ಮನೆಯನ್ನೇ ನೋಡಿ. ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು ಬರ್ಮಾದಲ್ಲಿ ಭಾರತೀಯ ಪಡೆಯ ನಾಯಕರಾಗಿ ೧೯೪೫ರ ಜನವರಿಯಲ್ಲಿ ಕಂಗಾವ್ ಕಾಳಗದಲ್ಲಿ ಕಾದಿ ಕೀರ್ತಿ ಪಡೆದರು. ಅವರ ಅಣ್ಣ ಪೊನ್ನಪ್ಪನವರು ಸಿಂಗಾಪುರದಲ್ಲಿ ಸೆರೆಸಿಕ್ಕಿ ಸುಭಾಷರ ಫೌಜಿಗೆ ಸೇರಿದ್ದರು. ೧೯೪೫ರ ಸೆಪ್ಟೆಂಬರ್ ೧೨ರಂದು ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದವರು ತಮ್ಮ ತಿಮ್ಮಯ್ಯನವರೇ. ಆ ಮನೆತನದಲ್ಲಿ ಯಾರು ಯಾರಿಗೆ ದ್ರೋಹಿಯಾದರು? ಯಾರೂ ಹಾಗೆ ಎಣಿಸಲಿಲ್ಲ.

ನಮ್ಮ ಅಭಿಪ್ರಾಯವನ್ನು ಕೇಳಿದ್ದಾರಾದ್ದರಿಂದ ಹೇಳುವೆವು. ಸುಭಾಷರ ಫೌಜಿನವರ ತ್ಯಾಗವು ದೊಡ್ಡದು. ಜಪಾನೀ ಸೈನ್ಯದ ಆಳ್ವಿಕೆಯ ಮಾತು ಬೇರೆ. ೧೯೪೨ರ ಮಾರ್ಚಿನಲ್ಲಿ ಅವರ ವಶವಾದ ಅಂಡಮಾನಿನಲ್ಲಿ ಎಷ್ಟೋ ಭಾರತೀಯರು ಗೂಢಚಾರರೆಂಬ ಆರೋಪಕ್ಕೆ ಸಿಕ್ಕಿ ಚಿತ್ರಹಿಂಸೆಗೂ ಮರಣಕ್ಕೂ ಗುರಿಯಾದರು. ಸಯಾಮ್ ಮತ್ತು ಬರ್ಮಾಗಳ ನಡುವಣ ರೈಲುದಾರಿಯನ್ನು ಹಾಕುವಾಗ ಹತ್ತಾರು ಸಾವಿರ ಏಷ್ಯನ್ ಕೂಲಿಗಳು ಸತ್ತರು. ಅವರಲ್ಲಿ ಮಲಯಾದ ತೋಟಗಳ ತಮಿಳರು ಅನೇಕರು. ಬಂಗಾಳವು ಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳದಿದ್ದ ೧೯೪೪ರಲ್ಲಿ ಅಂಥ ಸೈನ್ಯವೊಂದು ಹಸಿದ ಹೊಟ್ಟೆಯಿಂದ ಬ್ರಹ್ಮಪುತ್ರದ ಬಯಲಿಗೆ ಇಳಿದಿದ್ದರೆ ಏನಾಗುತ್ತಿತ್ತೆಂದು ಯೋಚಿಸಬೇಕು. ಸಂಗ್ಶಾಕದಲ್ಲಿ ನಿಂತವನು ಯಾರ ಸಂಬಳ ತಿನ್ನುತ್ತಿದ್ದನೆಂಬುದು ಒಂದು ಲೆಕ್ಕ, ಅವನ ಬೆನ್ನ ಹಿಂದೆ ಯಾರ ಊರುಗಳಿದ್ದವೆಂಬುದು ಇನ್ನೊಂದು. ಆ ಪದಕವು ಗೋಡೆಯ ಮೇಲಿರಲಿ. ಅದರ ಪಕ್ಕದಲ್ಲಿ ಮೈಲಾರ ಮಹಾದೇವಪ್ಪನವರ ಭಾವಚಿತ್ರವೂ ಇರಲಿ. ಒಂದೇ ಮೊಳೆಯ ಸಾಲಿನಲ್ಲಿ ಎರಡಕ್ಕೂ ಜಾಗವುಂಟು.

ಇನ್ನು ಮುತ್ತಜ್ಜನ ಜೊತೆಗೆ ಹೋಗಿ ಮರಳದೆ ಹೋದ ನೆರೆಹೊರೆಯವರ ಸುದ್ದಿಯನ್ನು ಹುಡುಕಬೇಕೆನ್ನುವವರಿಗೆ ಒಂದು ಸೂಚನೆ. ಅವಿಭಕ್ತ ಭಾರತದಿಂದ ಹೋಗಿ ಆ ಯುದ್ಧದಲ್ಲಿ ಮಡಿದ ಸುಮಾರು ೮೭ ಸಾವಿರ ಮಂದಿಯ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ದಾಖಲೆ ಮಾಡಿ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕೊಹಿಮಾದ ಸಮಾಧಿಸ್ಥಳದಲ್ಲಿ ಸುಟ್ಟು ಸಂಸ್ಕಾರ ಮಾಡಿದ ಹಿಂದೂ, ಸಿಖ್ ಯೋಧರ ೯೦೦ಕ್ಕೂ ಹೆಚ್ಚು ಹೆಸರುಗಳುಳ್ಳ ಸ್ಮಾರಕವಿದೆ. ಸಮಾಧಿಯೇ ಇಲ್ಲದವರ ಸುಮಾರು ೨೭ ಸಾವಿರ ಹೆಸರುಗಳು ರಂಗೂನಿನ ಬಳಿಯ ತೌಕ್ಯಾನಿನ ಕಂಬಗಳ ಮೇಲಿವೆ. ಅನೇಕ ಹೆಸರುಗಳ ಮುಂದೆ ತಂದೆಯ ಹೆಸರನ್ನೂ ಊರನ್ನೂ ಜಿಲ್ಲೆಯನ್ನೂ ಬರೆದಿರುವುದರಿಂದ ‘ಬೆಳಗಾವಿ’ಯೆಂಬ ಜಿಲ್ಲೆಯ ಹೆಸರಿನಿಂದ ಹುಡುಕುವುದು ಅನುಕೂಲ. ಆ ಹೆಸರನ್ನೂ ಹಿಂದಿನ ಇಂಗ್ಲಿಷ್ ಕ್ರಮದಲ್ಲಿ, ‘ಬೆಲ್‌ಗಾಂ’ ಎಂದೇ ಬರೆದು ನೋಡಬೇಕು. ದಂಡಿನ ಗುಮಾಸ್ತನು ನಮ್ಮ ಊರುಗಳ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿರುತ್ತಾನೆ. ಸಾಲಹಳ್ಳಿಯನ್ನು ನಾಲ್ಕೈದು ಬಗೆಯಾಗಿ ಬರೆದು ನೋಡದೆ ‘ಇಲ್ಲ’ವೆಂದು ಬಿಟ್ಟುಬಿಡಬಾರದು.